ದತ್ತು ಬಂದ ಮಗಳ ಜೊತೆ 'ರೂಮ್ ಫಾರ್ ಒನ್ ಮೋರ್' ನೋಡಬಹುದಾ?

ಮೂವರ ಅಮ್ಮ, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮಗೆ ಇಬ್ಬರು ಗಂಡುಮಕ್ಕಳು, ಒಬ್ಬ ಏಳನೇ ಕ್ಲಾಸು, ಇನ್ನೊಬ್ಬ ಐದನೇ ಕ್ಲಾಸು. ಹದಿನಾಲ್ಕು ತಿಂಗಳ ಹಿಂದೆ ಮಗಳು ಮನೆಗೆ ಬಂದಳು. ಬಂದಾಗ ಅವಳಿಗೆ ಎಂಟು ವರ್ಷ, ಈಗ ಒಂಬತ್ತು ತುಂಬಿದೆ. ದತ್ತು ತೆಗೆದುಕೊಳ್ಳಬೇಕು ಎಂದು ಹೊರಟಾಗ ನಮಗೆ ಮೊದಲು ಗೊತ್ತಾದದ್ದು ಏನೆಂದರೆ, 2022ರ ನಿಯಮದ ಪ್ರಕಾರ ಆಗಲೇ ಇಬ್ಬರು ಅಥವಾ ಹೆಚ್ಚು ಮಕ್ಕಳಿರುವ ದಂಪತಿಗೆ, ಸಂಬಂಧಿಕರ ಮಗು ಅಲ್ಲದಿದ್ದರೆ, ವಿಶೇಷ ಅಗತ್ಯವಿರುವ ಅಥವಾ ಬೇಗ ಮನೆ ಸಿಗದ ಮಕ್ಕಳು ಮಾತ್ರ. ಬೇಗ ಮನೆ ಸಿಗದ ಮಕ್ಕಳು ಅಂದರೆ ಬೇರೇನಿಲ್ಲ, ಬಹಳಷ್ಟು ಸಲ ಅವರು ಸ್ವಲ್ಪ ದೊಡ್ಡವರು, ಅಷ್ಟೇ. ಎಲ್ಲರಿಗೂ ಕೂಸೇ ಬೇಕು. ನಮಗೆ ದೊಡ್ಡ ಮಗುವೇ ಸರಿ ಅನಿಸಿತು, ನನ್ನ ಮಗಳು ಸಿಕ್ಕಿದಳು.

ಹೋದ ವಾರ ನಮ್ಮ ಯಜಮಾನರ ಅಕ್ಕ ಒಂದು ಹಳೇ ಕಪ್ಪುಬಿಳುಪು ಸಿನಿಮಾ ಬಗ್ಗೆ ಹೇಳಿದರು, 1952ರ 'ರೂಮ್ ಫಾರ್ ಒನ್ ಮೋರ್'. ನಿಮ್ಮದೇ ಮನೆ ಕಥೆ, ಎಲ್ಲರೂ ಕೂತು ನೋಡಿ ಅಂದರು. ನಾನು ರಾತ್ರಿ ಮಕ್ಕಳು ಮಲಗಿದ ಮೇಲೆ ಒಬ್ಬಳೇ ನೋಡಿದೆ. ಮೂರು ಮಕ್ಕಳಿರುವ ಮನೆ. ತಾಯಿ ಮಕ್ಕಳ ಆಶ್ರಮ ನೋಡಲು ಹೋಗುತ್ತಾಳೆ. ಕೂಸುಗಳನ್ನು ಕೇಳಿಕೊಂಡು ತುಂಬ ಜನ ಬರುತ್ತಾರೆ, ದೊಡ್ಡ ಮಕ್ಕಳನ್ನು ಯಾರೂ ಕೇಳುವುದಿಲ್ಲ ಎಂದು ಅಲ್ಲಿ ತಿಳಿಯುತ್ತದೆ. ಆಮೇಲೆ ಹದಿಮೂರು ವರ್ಷದ ಜೇನ್ ಎರಡು ವಾರಕ್ಕೆ ಅಂತ ಮನೆಗೆ ಬರುತ್ತಾಳೆ, ಅವಳ ಹಿಂದೆ ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿರುವ ಜಿಮ್ಮಿ ಜಾನ್. ನಕ್ಕೆ, ಅತ್ತೆ, ಎರಡೂ ಆಯಿತು. ಎಪ್ಪತ್ತು ವರ್ಷದ ಹಿಂದೆ ಅಮೆರಿಕದಲ್ಲಿ ತೆಗೆದ ಸಿನಿಮಾದಲ್ಲಿ ನಾವು ನಿಂತ ಸಾಲೇ ಇದೆಯಲ್ಲ ಅನಿಸಿತು.

ನನ್ನ ಭಯ ಆ ಎರಡು ವಾರದ ಬಗ್ಗೆ. ಆಶ್ರಮದ ಕಡೆಯ ಮಿಸ್ ಕೆನ್ಯನ್ ಎಂಬ ಹೆಂಗಸು ಮಗುವನ್ನು ತಂದು ಬಿಡುತ್ತಾಳೆ. ತಂದವಳು ವಾಪಸ್ಸೂ ಕರೆದುಕೊಂಡು ಹೋಗಬಹುದು ಎನ್ನುವುದು ಕಥೆ ಉದ್ದಕ್ಕೂ ಇದೆ. ನಮ್ಮ ಮನೆಗೂ ಆರು ತಿಂಗಳಿಗೊಮ್ಮೆ ಸೋಶಿಯಲ್ ವರ್ಕರ್ ಬರುತ್ತಾರೆ, ಮಗು ಮನೆಗೆ ಬಂದ ದಿನದಿಂದ ಎರಡು ವರ್ಷ ಹೀಗೆ ಬರುವುದು ಪದ್ಧತಿ. ಬಹಳ ಒಳ್ಳೆಯವರು, ಬಂದಾಗಲೆಲ್ಲ ಮಗಳಿಗೆ ಪೆನ್ಸಿಲ್ ತರುತ್ತಾರೆ. ಆದರೂ ಗೇಟಿನ ಸದ್ದಾಗಿ ಅವರ ಕೈಯಲ್ಲಿ ಫೈಲು ಕಂಡರೆ ಸಾಕು, ಇವಳು ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಕಳೆದ ಸಲ ಹೊರಗೆ ಬಂದಾಗ ತನ್ನ ಸ್ಕೂಲ್ ಬ್ಯಾಗಿನಲ್ಲಿ ಎರಡು ಫ್ರಾಕು ಮಡಚಿ ಇಟ್ಟುಕೊಂಡಿದ್ದಳು. ಅದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಇಂಥ ಮಗುವಿಗೆ ಈ ಸಿನಿಮಾ ತೋರಿಸಬಹುದಾ? ನೋಡಿದವರು, ದತ್ತು ಮಕ್ಕಳಿರುವವರು ಯಾರಾದರೂ ಇದ್ದರೆ ಹೇಳಿ.

ಹಳೇ ರೀಲು, ಮೈಸೂರು:

ತೋರಿಸಿ ಮೇಡಂ. ನಾನು ದತ್ತು ವಿಷಯದಲ್ಲಿ ಏನೂ ತಿಳಿದವನಲ್ಲ, ಹಳೇ ಹಾಲಿವುಡ್ ಸಿನಿಮಾ ಮಾತ್ರ ಗೊತ್ತು. ಆ ಕಡೆಯಿಂದ ಹೇಳುತ್ತೇನೆ.

ಇದನ್ನು ತೆಗೆದವರು ನಾರ್ಮನ್ ಟಾರೋಗ್, ವಾರ್ನರ್ ಬ್ರದರ್ಸ್ ಕಂಪನಿಗೆ. ಆನಾ ಪೆರಟ್ ರೋಸ್ ಎಂಬ ತಾಯಿ ತನ್ನ ಮಕ್ಕಳ ಜೊತೆಗೆ ಹೊರಗಿನ ಮಕ್ಕಳನ್ನೂ ಸಾಕಿ, ಆ ಅನುಭವವನ್ನು ಬರೆದ ಪುಸ್ತಕವೇ ಇದಕ್ಕೆ ಮೂಲ. ಪುಸ್ತಕ ಬಂದದ್ದು 1950ರಲ್ಲಿ. ಸಿನಿಮಾದಲ್ಲೂ ಅವರ ಹೆಸರನ್ನೇ ಇಟ್ಟಿದ್ದಾರೆ. ಸುಮ್ನೆ ಕೂತು ಹೆಣೆದ ಕಥೆ ಅಲ್ಲ, ಅದಕ್ಕೇ ಆ ಮನೆಯ ಗಲಾಟೆ, ನಾಯಿ, ಬೆಕ್ಕು, ದುಡ್ಡಿನ ಲೆಕ್ಕಾಚಾರ ಎಲ್ಲ ಅಷ್ಟು ನಿಜ ಅನಿಸುವುದು.

ಗಂಡ ಹೆಂಡತಿ ಪಾತ್ರ ಮಾಡಿದ ಕ್ಯಾರಿ ಗ್ರಾಂಟ್ ಮತ್ತು ಬೆಟ್ಸಿ ಡ್ರೇಕ್ ಆಗ ನಿಜ ಜೀವನದಲ್ಲೂ ದಂಪತಿ, 1949ರ ಕ್ರಿಸ್‌ಮಸ್ ದಿನ ಮದುವೆಯಾದವರು. ಒಬ್ಬರ ಮಾತಿಗೆ ಒಬ್ಬರು ಕಣ್ಣಲ್ಲೇ ಉತ್ತರ ಕೊಡುತ್ತಾರಲ್ಲ, ಅದು ಸೆಟ್ಟಿನಲ್ಲಿ ಕಲಿತದ್ದಲ್ಲ. ಇನ್ನು ಆ ಚಿಕ್ಕ ಮಗ ಟೀನಿ! ಅಷ್ಟು ಪುಟ್ಟ ಹುಡುಗನಿಗೆ ಹಡಗಿನ ಸೈರನ್‌ನಂಥ ದಪ್ಪ ದನಿ. ಹುಡುಗನ ಹೆಸರು ಜಾರ್ಜ್ ವಿನ್‌ಸ್ಲೋ, ಇದೇ ಅವನ ಮೊದಲ ಸಿನಿಮಾ. ರೇಡಿಯೋ ಕಾರ್ಯಕ್ರಮ ಒಂದರಲ್ಲಿ ಅವನ ದನಿ ಕೇಳಿದವರು ಸಿನಿಮಾಕ್ಕೆ ಕರೆತಂದರು. ನಿಮ್ಮ ಮಗಳು ಅವನು ಬಾಯಿ ತೆರೆದಾಗಲೆಲ್ಲ ನಗುತ್ತಾಳೆ, ಬರೆದಿಟ್ಟುಕೊಳ್ಳಿ.

ಇನ್ನೊಂದು ವಿಷಯ ಹೇಳಲೇಬೇಕು. ಕ್ಯಾರಿ ಗ್ರಾಂಟ್ ಹುಟ್ಟಿದ್ದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ. ಒಂಬತ್ತನೇ ವಯಸ್ಸಿನಲ್ಲಿ ಶಾಲೆಯಿಂದ ಮನೆಗೆ ಬಂದರೆ ತಾಯಿ ಇಲ್ಲ. ಎಲ್ಲಿಗೋ ಹೋಗಿದ್ದಾಳೆ ಎಂದು ಹೇಳಿದರು. ಅವರು ಹುಚ್ಚಾಸ್ಪತ್ರೆಯಲ್ಲಿದ್ದರು. ಮಗನಿಗೆ ಅದು ತಿಳಿದದ್ದು ಮೂವತ್ತು ದಾಟಿದ ಮೇಲೆ, ಅಷ್ಟರಲ್ಲಿ ಅವನು ಹಾಲಿವುಡ್ ನಟ. ಜೇನ್ ಮುಖ ಗಂಟಿಕ್ಕಿಕೊಂಡು ಬಾಗಿಲಲ್ಲಿ ನಿಂತಾಗ ಅವನು ನೋಡುವ ರೀತಿಯನ್ನು ಇನ್ನೊಮ್ಮೆ ನೋಡಿ. ಬೇಡ ಬೇಡ ಎನ್ನುವ ಅಪ್ಪನ ಪಾತ್ರ ಅದು, ಆದರೆ ಆ ಕಣ್ಣಲ್ಲಿ ಬೇಡ ಎನ್ನುವುದು ಇಲ್ಲ.

ನನಗೆ ಹಿಡಿಸದ ಭಾಗವೂ ಇದೆ. ಹೆಂಡತಿಯ ಜೊತೆ ಏಕಾಂತವೇ ಸಿಗುತ್ತಿಲ್ಲ ಎಂದು ಅವನು ಗೊಣಗುವುದನ್ನೇ ತಿರುಗಿಸಿ ಮುರುಗಿಸಿ ತಮಾಷೆ ಮಾಡಿದ್ದಾರೆ, ಜಾಸ್ತಿ ಆಯಿತು. ಸಮುದ್ರದ ದಂಡೆಯಲ್ಲಿ ಹುಡುಗರಿಗೆ ಮಕ್ಕಳು ಹೇಗೆ ಹುಟ್ಟುತ್ತಾರೆ ಎಂದು ವಿವರಿಸುವ ದೃಶ್ಯವೂ ಇದೆ, ಮೊದಲೇ ತಿಳಿದಿರಲಿ.

ದತ್ತು ಸಿನಿಮಾ ಎಂದು ಹುಡುಕಿದರೆ ಇದೇ ನಟನ 1941ರ 'ಪೆನ್ನಿ ಸೆರನೇಡ್' ಕೂಡ ಸಿಗುತ್ತದೆ. ಅದನ್ನು ಮಾತ್ರ ಮಗಳಿಗೆ ತೋರಿಸಬೇಡಿ. ದತ್ತು ತಂದ ಹೆಣ್ಣುಮಗು ಅದರಲ್ಲಿ ತೀರಿಕೊಳ್ಳುತ್ತದೆ, ಕೊನೆಗೆ ಆ ದಂಪತಿಗೆ ಇನ್ನೊಂದು ಮಗು ಕೊಡುತ್ತಾರೆ. ದೊಡ್ಡವರಿಗೆ ಅದು ಒಳ್ಳೇ ಸಿನಿಮಾ. ಒಂದು ಮಗುವಿನ ಜಾಗಕ್ಕೆ ಇನ್ನೊಂದು ಬರುತ್ತದೆ ಎನ್ನುವುದನ್ನು ದತ್ತು ಬಂದ ಮಗು ಯಾಕೆ ನೋಡಬೇಕು?

ಧಾರವಾಡದ ಅಪ್ಪ:

ಅಕ್ಕಾ, ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಈಗಲೇ ತೋರಿಸಬೇಡಿ. ಇನ್ನೊಂದು ವರ್ಷ ಬಿಡಿ.

ನಮ್ಮ ಮಗ ಆರು ವರ್ಷದವನಿದ್ದಾಗ ಬಂದ. ಈಗ ಹನ್ನೊಂದು. ಈ ಸಿನಿಮಾ ನಾನೂ ನೋಡಿದ್ದೇನೆ, ಮನಸ್ಸಿಗೆ ಹತ್ತಿರದ ಸಿನಿಮಾ. ಆದರೆ ಒಂದೂವರೆ ಗಂಟೆ ಚಿಲ್ಲರೆಯಲ್ಲಿ ಎಲ್ಲ ಸರಿಹೋಗುತ್ತದೆ. ಜೇನ್ ಮೊದಲು ಕೆಂಡ, ಆಮೇಲೆ ನೋಡಿದರೆ ಮನೆಮಗಳು. ಜಿಮ್ಮಿ ಜಾನ್ ಮೊದಲು ಎಲ್ಲರ ಮೇಲೆ ಹರಿಹಾಯುತ್ತಾನೆ, ಆಮೇಲೆ ಸ್ಕೌಟ್‌ನಲ್ಲಿ ಎಲ್ಲಕ್ಕಿಂತ ಮೇಲಿನ ದರ್ಜೆಯಾದ ಈಗಲ್ ಸ್ಕೌಟ್ ಆಗುವವರೆಗೆ ಹೋಗುತ್ತಾನೆ. ನಮ್ಮವನು ತಟ್ಟೆಯಲ್ಲಿದ್ದ ಚಪಾತಿ ತಿಂದು, ಇನ್ನೊಂದನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳುವುದನ್ನು ಬಿಡಲು ಒಂದು ವರ್ಷ ಎಂಟು ತಿಂಗಳು ಹಿಡಿಯಿತು. ನನ್ನನ್ನು ಅಪ್ಪಾ ಎಂದು ಕರೆಯುತ್ತಿದ್ದ, ಮೊದಲ ದಿನದಿಂದಲೇ ಕರೆಯುತ್ತಿದ್ದ, ಆದರೆ ಜ್ವರ ಬಂದಾಗ ನನ್ನನ್ನು ಕರೆಯುತ್ತಿರಲಿಲ್ಲ. ಒಬ್ಬನೇ ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ಎರಡನೇ ವರ್ಷದ ಮಳೆಗಾಲದಲ್ಲಿ ಒಂದು ರಾತ್ರಿ ಬಂದು, ಅಪ್ಪಾ ತಲೆ ನೋಯುತ್ತದೆ ಅಂದ. ಆ ರಾತ್ರಿ ನಾನು ನಮ್ಮಾಕೆ ಇಬ್ಬರೂ ಮಲಗಲಿಲ್ಲ, ಅಷ್ಟು ಸಂತೋಷ.

ಬ್ಯಾಗಿನಲ್ಲಿ ಫ್ರಾಕು ಇಟ್ಟುಕೊಳ್ಳುವ ಮಗು ಇನ್ನೂ ಕಾಯುತ್ತಿದೆ ಅಕ್ಕಾ. ಈ ಮನೆ ಎಷ್ಟು ದಿನ ಎಂದು ಲೆಕ್ಕ ಹಾಕುತ್ತಿದೆ. ಅದಕ್ಕೆ ಎರಡು ವಾರ ಎಂಬ ಮಾತು ಕೇಳಿಸಿದರೆ ಉಳಿದ ಸಿನಿಮಾ ತಲೆಗೇ ಹೋಗುವುದಿಲ್ಲ, ಅದೊಂದೇ ಉಳಿಯುತ್ತದೆ.

ಸಿನಿಮಾಕ್ಕಿಂತ ಮೊದಲು ಒಂದು ಕೆಲಸ ಮಾಡಿ ನೋಡಿ. ಜಿಲ್ಲಾಧಿಕಾರಿಗಳ ದತ್ತು ಆದೇಶದ ಪ್ರತಿ ನಿಮ್ಮ ಹತ್ತಿರ ಇರುತ್ತದಲ್ಲ, ಅದನ್ನು ಅವಳಿಗೆ ತೋರಿಸಿ. ಬೀರುವಿನಿಂದ ತೆಗೆದು, ಅವಳ ಹೆಸರಿನ ಮೇಲೆ ಅವಳದೇ ಬೆರಳು ಇಡಿಸಿ. ನಾವು ಹಾಗೆ ಮಾಡಿದೆವು, ಆಗೆಲ್ಲ ಆದೇಶ ಕೋರ್ಟಿನಿಂದ ಬರುತ್ತಿತ್ತು. ನಮ್ಮವನು ಸೀಲನ್ನೇ ಎಷ್ಟೋ ಹೊತ್ತು ನೋಡಿದ. ಇದನ್ನು ಅಳಿಸಲು ಆಗುತ್ತದಾ ಎಂದು ಕೇಳಿದ. ಆಗಲ್ಲ ಅಂದೆ. ಮಕ್ಕಳು ನಮ್ಮ ಪ್ರೀತಿಯ ಮಾತನ್ನು ನಂಬಲು ಬಹಳ ಕಾಲ ಬೇಕು, ಸೀಲನ್ನು ಬೇಗ ನಂಬುತ್ತಾರೆ.

ತುಂಗೆಯ ಮಗಳು, ನ್ಯೂಜೆರ್ಸಿ:

ನಾನು ಆ ಮನೆಯ ಮಗು ಕಡೆಯಿಂದ ಬರೆಯುತ್ತಿದ್ದೇನೆ. ನನ್ನನ್ನು ದತ್ತು ತೆಗೆದುಕೊಂಡಾಗ ನನಗೆ ಐದು ವರ್ಷ, ಶಿವಮೊಗ್ಗದ ಹತ್ತಿರ ಬೆಳೆದೆ. ಈಗ ಮೂವತ್ತೇಳು. ಈ ಸಿನಿಮಾ ನೋಡಿದ್ದು ಇಲ್ಲಿಗೆ ಬಂದ ಮೇಲೆ, ಟಿವಿಯಲ್ಲಿ, ಒಂದು ಹೊಸವರ್ಷದ ರಜೆಯಲ್ಲಿ, ಒಬ್ಬಳೇ.

ನೀವೆಲ್ಲ ಎರಡು ವಾರದ ಬಗ್ಗೆ ಬರೆದಿದ್ದೀರಿ. ನನಗೆ ಎದೆಗೆ ತಾಗಿದ್ದು ಅದಲ್ಲ, ಡಾನ್ಸ್ ಪಾರ್ಟಿಯ ಭಾಗ. ಜೇನ್ ಮೊದಲ ಸಲ ಚೆಂದದ ಬಟ್ಟೆ ಹಾಕಿ ಹೊಸವರ್ಷದ ಡಾನ್ಸಿಗೆ ಹೋಗಬೇಕು, ಕರೆದ ಹುಡುಗನ ಮನೆಯವರಿಗೆ ಇವಳು ಯಾರ ಮಗಳೋ ಏನೋ ಎಂಬ ಕಾರಣಕ್ಕೆ ಬೇಡ. ಆಗ ಆ ಅಪ್ಪ ಎದ್ದು ನಿಲ್ಲುತ್ತಾನೆ. ಅಲ್ಲಿಯವರೆಗೆ ಇವಳನ್ನು ಎಷ್ಟು ದಿನ ಇಟ್ಟುಕೊಳ್ಳುವುದು ಎಂದು ಹೆಂಡತಿಯ ಹತ್ತಿರ ಗೊಣಗುತ್ತಿದ್ದವನು, ಹೊರಗಿನವರು ಬೊಟ್ಟು ಮಾಡಿದ ಕೂಡಲೇ ಅಪ್ಪ ಆಗಿಬಿಟ್ಟ.

ನನಗೂ ಒಂದು ಸಂಬಂಧ ಬಂದಿತ್ತು, ಇಪ್ಪತ್ತನಾಲ್ಕು ವಯಸ್ಸಿಗೆ. ಜಾತಕ ಕೇಳಿದರು. ನಮ್ಮಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಹುಟ್ಟಿದ ಹೊತ್ತು ಗೊತ್ತಿಲ್ಲ, ಮನೆಗೆ ಬಂದ ಹೊತ್ತು ಗೊತ್ತಿದೆ, ಬೆಳಿಗ್ಗೆ ಹತ್ತೂವರೆ, ಅದನ್ನು ಬರೆದುಕೊಳ್ಳಿ ಎಂದು. ಅವರು ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಎದ್ದರು. ಅವರು ಹೋದ ಮೇಲೆ ಅಪ್ಪ ಆ ತಟ್ಟೆಗಳನ್ನು ತಾವೇ ತೊಳೆದಿಟ್ಟರು, ಅಮ್ಮನಿಗೂ ನನಗೂ ಮುಟ್ಟಲು ಬಿಡಲಿಲ್ಲ. ಒಂದು ಮಾತೂ ಆಡಲಿಲ್ಲ. ಆ ಸಿನಿಮಾ ನೋಡುವಾಗ ಕ್ಯಾರಿ ಗ್ರಾಂಟ್ ಮುಖದಲ್ಲಿ ನನಗೆ ಕಂಡದ್ದು ಬಚ್ಚಲಲ್ಲಿ ತಟ್ಟೆ ತೊಳೆಯುತ್ತಿದ್ದ ನಮ್ಮಪ್ಪ.

ಮಗಳಿಗೆ ತೋರಿಸುವುದು ಬಿಡುವುದು ಆಮೇಲೆ. ನಿಮ್ಮ ಹುಡುಗರಿಬ್ಬರಿಗೂ ಮೊದಲು ತೋರಿಸಿ ಅಕ್ಕ. ಶಾಲೆಯಲ್ಲಿ, ಬಸ್ಸಿನಲ್ಲಿ, ಆಟದ ಬಯಲಲ್ಲಿ ಅವಳ ಬಗ್ಗೆ ಮಾತು ಬಂದಾಗ ಪಕ್ಕದಲ್ಲಿ ಇರುವವರು ಅವರು, ನೀವಲ್ಲ. ಆ ಸಿನಿಮಾದ ಮನೆಮಕ್ಕಳು ಟಿಮ್, ಟ್ರಾಟ್ ಇವರಿಗೂ ಸುಲಭ ಇಲ್ಲ. ಅಮ್ಮನ ಹೊತ್ತು, ಮಲಗುವ ಜಾಗ, ಎಲ್ಲ ಹಂಚಿಕೊಳ್ಳಬೇಕು. ಅದನ್ನು ಸಿನಿಮಾ ಮುಚ್ಚಿಟ್ಟಿಲ್ಲ, ಅದಕ್ಕೆ ನನಗೆ ಅದರ ಮೇಲೆ ಗೌರವ.

ಮಿಸ್ ಕೆನ್ಯನ್ ಕಡೆಯವಳು:

ನಾನು ಇದೇ ಕ್ಷೇತ್ರದಲ್ಲಿ ಕೆಲಸ ಮಾಡುವವಳು, ಫೈಲು ಹಿಡಿದು ಮನೆಮನೆಗೆ ಹೋಗುವ ಕೆಲಸವೇ. ಒಂದು ವಿಷಯ ಬಿಡಿಸಿ ಹೇಳಬೇಕು ಅನಿಸಿತು. ಸಿನಿಮಾದಲ್ಲಿ ಮಕ್ಕಳು ಬರುವುದು ಫಾಸ್ಟರ್ ಕೇರ್ ರೀತಿಯಲ್ಲಿ, ಅಂದರೆ ಸ್ವಲ್ಪ ಕಾಲ ಸಾಕಲು. ಹಾಗಾಗಿ ಅಲ್ಲಿ ಎರಡು ವಾರ ಎಂಬ ಮಾತು ಬರುತ್ತದೆ. ನಿಮ್ಮದು ದತ್ತು. ಆದೇಶ ಆದ ದಿನದಿಂದ ಅವಳು ಎಲ್ಲ ರೀತಿಯಲ್ಲೂ ನಿಮ್ಮ ಮಗಳು, ಆಸ್ತಿ ಹಕ್ಕೂ ಸೇರಿ. ಇನ್ನೊಂದು, ನಮ್ಮಲ್ಲಿ ಐದು ವರ್ಷ ದಾಟಿದ ಮಗುವಿನ ಒಪ್ಪಿಗೆ ಇಲ್ಲದೆ ದತ್ತು ಆಗುವುದಿಲ್ಲ. ಅಂದರೆ ನೀವು ಮಾತ್ರ ಅವಳನ್ನು ಆರಿಸಿಕೊಂಡದ್ದಲ್ಲ ಮೇಡಂ, ಅವಳೂ ನಿಮಗೆ ಹೂಂ ಅಂದಿದ್ದಾಳೆ. ಇದನ್ನು ಅವಳಿಗೆ ನೆನಪು ಮಾಡಿ. ಜೇನ್‌ಗೆ ಆರಂಭದಲ್ಲಿ ಯಾರೂ ಕೇಳಲಿಲ್ಲ, ಇವಳಿಗೆ ಕೇಳಿದ್ದಾರೆ.

ಜಿಮ್ಮಿ ಜಾನ್ ಬಗ್ಗೆ ಯಾರೂ ಜಾಸ್ತಿ ಬರೆದಿಲ್ಲ. ಆ ಸಿನಿಮಾ ಬಂದ 1952ರಲ್ಲಿ ಅಮೆರಿಕದಲ್ಲಿ ಪೋಲಿಯೋ ಬಹಳ ಕೆಟ್ಟದಾಗಿ ಹಬ್ಬಿತ್ತು, ಆ ಒಂದೇ ವರ್ಷ ಸುಮಾರು 58,000 ಜನರಿಗೆ ಬಂತು. ಲಸಿಕೆ ಜನರಿಗೆ ಸಿಕ್ಕಿದ್ದು 1955ರಲ್ಲಿ. ಥಿಯೇಟರಿನಲ್ಲಿ ಕೂತವರಲ್ಲಿ ಎಷ್ಟೋ ಜನರ ಬೀದಿಯಲ್ಲೇ ಕಾಲಿಗೆ ಪಟ್ಟಿ ಕಟ್ಟಿದ ಮಗು ಇತ್ತು. ಅಂಥ ಹೊತ್ತಿನಲ್ಲಿ ಒಂದು ನಗಿಸುವ ಸಿನಿಮಾ ಅಂಥ ಹುಡುಗನನ್ನು ಅಯ್ಯೋ ಪಾಪ ಎನ್ನುವಂತೆ ತೋರಿಸದೆ, ಸಿಟ್ಟಿನ ಹುಡುಗ, ಹಟದ ಹುಡುಗ ಎಂದು ತೋರಿಸಿತು. ನಾನು ಮನೆ ಹುಡುಕಿಕೊಡಲು ಒದ್ದಾಡುವ ಮಕ್ಕಳಲ್ಲಿ ಇಂಥವರು ಇದ್ದಾರೆ. ಫೋಟೋ ನೋಡಿ, ಕಾಲಿನ ಸಾಲು ಓದಿ, ಜನ ಮುಂದಕ್ಕೆ ಹೋಗಿಬಿಡುತ್ತಾರೆ. ಮಗು ಚೆಸ್ ಆಡುತ್ತದೆ ಎಂಬ ಸಾಲಿನವರೆಗೆ ಬರುವುದೇ ಇಲ್ಲ.

ನಿಮ್ಮ ಸೋಶಿಯಲ್ ವರ್ಕರ್‌ಗೆ ಒಂದು ಮಾತು ಹೇಳಿ, ಮುಂದಿನ ಸಲ ಫೈಲು ಬ್ಯಾಗಿನೊಳಗೆ ಇಟ್ಟುಕೊಂಡು ಬರಲಿ. ನಾನು ನಿಮ್ಮ ಪೋಸ್ಟ್ ಓದಿದ ಮೇಲೆ ಹಾಗೆ ಮಾಡಲು ಶುರು ಮಾಡಿದ್ದೇನೆ.

ಮೂವರ ಅಮ್ಮ, ದಾವಣಗೆರೆ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ತಡವಾಗಿ ಬರೆಯುತ್ತಿದ್ದೇನೆ.

ಧಾರವಾಡದ ಅಣ್ಣ ಹೇಳಿದ ಹಾಗೆ ಮೊದಲು ಆದೇಶದ ಕಾಗದ ತೋರಿಸಿದೆ. ಅವಳು ತನ್ನ ಹೆಸರು ಓದಿದಳು, ನನ್ನ ಹೆಸರು ಓದಿದಳು, ಅಪ್ಪನ ಹೆಸರು ಓದಿದಳು. ಆಮೇಲೆ ಅಣ್ಣಂದಿರ ಕಾಗದ ಎಲ್ಲಿ ಎಂದು ಕೇಳಿದಳು. ಅವರ ಜನನ ಪ್ರಮಾಣಪತ್ರ ತೆಗೆದೆ. ಮೂರನ್ನೂ ನೆಲದ ಮೇಲೆ ಸಾಲಾಗಿ ಇಟ್ಟು, ತನ್ನದಕ್ಕೇ ದೊಡ್ಡ ಸೀಲು ಇದೆ ಅಂದಳು. ಹೌದು ಕಣೆ ಅಂದೆ.

ತುಂಗೆಯ ಮಗಳು ಹೇಳಿದಂತೆ ಸಿನಿಮಾ ಹುಡುಗರಿಗೆ ಮಾತ್ರ ತೋರಿಸೋಣ ಎಂದು ಶನಿವಾರ ಮಧ್ಯಾಹ್ನ ಹಾಕಿದೆ, ಇವಳು ಪಕ್ಕದ ಮನೆಗೆ ಹೋಗಿದ್ದಳು. ಆದರೆ ಕಾಲು ಗಂಟೆಗೇ ವಾಪಸ್ ಬಂದು ನನ್ನ ತೊಡೆಗೆ ಒರಗಿ ಕೂತುಬಿಟ್ಟಳು. ನಿಲ್ಲಿಸಲು ಮನಸ್ಸಾಗಲಿಲ್ಲ. ಅವಳಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ, ದೊಡ್ಡವನು ಒಂದೊಂದೇ ಮಾತನ್ನು ಕನ್ನಡದಲ್ಲಿ ಹೇಳುತ್ತಾ ಹೋದ. ಟೀನಿ ಬಾಯಿ ತೆರೆದಾಗ ಅವಳು ನಕ್ಕದ್ದು ಹಿತ್ತಲಿಗೆ ಕೇಳಿಸಿರಬೇಕು. ಹಳೇ ರೀಲು ಸರ್, ನೀವು ಹೇಳಿದ್ದೇ ಆಯಿತು.

ಜೇನ್ ಬಂದಾಗ ದೊಡ್ಡವನು, ಇವಳನ್ನ ಎರಡು ವಾರಕ್ಕೆ ಕರ್ಕೊಂಡು ಬಂದಿದ್ದಾರೆ ಅಂದುಬಿಟ್ಟ. ನನಗೆ ಕೈಕಾಲು ತಣ್ಣಗಾಯಿತು. ಅವಳು ಪರದೆಯಿಂದ ಕಣ್ಣು ತೆಗೆಯದೆ, ಎರಡು ವಾರ ಆದ ಮೇಲೆ? ಎಂದು ಕೇಳಿದಳು. ನಾನು ಏನು ಹೇಳಲಿ ಎಂದು ಹುಡುಕುವಷ್ಟರಲ್ಲಿ ಚಿಕ್ಕವನು, ಅವಳ ಹತ್ತಿರ ಸೀಲಿಲ್ಲ, ನಿನ್ನ ಹತ್ತಿರ ಇದೆ, ಸುಮ್ನೆ ನೋಡು ಅಂದ.

ಅರ್ಧ ನೋಡಿ ಸಾಕು ಅಂದಳು, ಉಳಿದದ್ದು ಮುಂದಿನ ವಾರ. ರಾತ್ರಿ ಊಟದ ಹೊತ್ತಿಗೆ ಜೇನ್‌ಗೂ ಸೀಲು ಸಿಗುತ್ತದಾ ಎಂದು ಎರಡು ಸಲ ಕೇಳಿದಳು. ನೋಡೋಣ ಎಂದಿದ್ದೇನೆ. ಸ್ಕೂಲ್ ಬ್ಯಾಗು ನಾನು ತೆಗೆದು ನೋಡಿಲ್ಲ, ನೋಡಬಾರದು ಎಂದು ತೀರ್ಮಾನ ಮಾಡಿದ್ದೇನೆ. ಸೋಶಿಯಲ್ ವರ್ಕರ್ ಮುಂದಿನ ತಿಂಗಳು ಬರುತ್ತಾರೆ, ಫೈಲಿನ ವಿಷಯ ಫೋನಿನಲ್ಲಿ ಹೇಳಿದೆ, ಖಂಡಿತ ಎಂದರು.